ತೀರಿಕೊಂಡವರ ಆಸ್ತಿ ಇತ್ಯರ್ಥಕ್ಕೆ ಸರಿಯಾದ ವಕೀಲರನ್ನು ಹುಡುಕುವುದು: ಕರ್ನಾಟಕದ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಮನೆಯ ಹಿರಿಯರು ತೀರಿಕೊಂಡು ಉತ್ತರಕ್ರಿಯೆಗಳು ಮುಗಿಯುವ ಹೊತ್ತಿಗೆ ಬೀರುವಿನ ಬೀಗದ ಕೈ ಯಾರ ಬಳಿ ಇದೆ, ಪಾಸ್‌ಬುಕ್ ಎಲ್ಲಿದೆ, ಪಹಣಿ ಯಾರ ಹೆಸರಿನಲ್ಲಿದೆ ಎಂಬ ಮಾತುಗಳು ಶುರುವಾಗಿರುತ್ತವೆ. ಅವುಗಳ ಬೆನ್ನಿಗೇ ‘ಯಾರಾದರೂ ಒಳ್ಳೆಯ ಲಾಯರನ್ನು ನೋಡಬೇಕು’ ಎಂಬ ಮಾತೂ ಬರುತ್ತದೆ. ತೊಡಕು ಆರಂಭವಾಗುವುದು ಇಲ್ಲಿಯೇ. ಯಾವ ಕೆಲಸಕ್ಕೆ ವಕೀಲರು ಬೇಕು ಎಂಬುದು ಗೊತ್ತಿಲ್ಲದೆ ಹೋದರೆ, ಎದುರಿಗೆ ಕುಳಿತವರು ತಮಗೆ ಗೊತ್ತಿರುವ ಕೆಲಸವನ್ನೇ ನಮ್ಮ ಕೆಲಸವೆಂದು ಹೇಳುವ ಸಾಧ್ಯತೆ ಇರುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ತಂದೆಯವರು ಮೈಸೂರಿನ ಮನೆಯ ಬಗ್ಗೆ ಉಯಿಲು ಬರೆದಿಟ್ಟಿದ್ದರು, ಅದರ ಬಗ್ಗೆ ನಾವು ಮೂವರು ಮಕ್ಕಳಿಗೂ ತಕರಾರಿರಲಿಲ್ಲ. ಪರಿಚಯದವರು ತೋರಿಸಿದ ವಕೀಲರೊಬ್ಬರು ‘ಉಯಿಲು ಅಂದಮೇಲೆ ಪ್ರೊಬೇಟ್, ಅಂದರೆ ಉಯಿಲು ನಿಜವೆಂಬ ನ್ಯಾಯಾಲಯದ ಪ್ರಮಾಣ, ಆಗಲೇಬೇಕು’ ಎಂದು ಮುಂಗಡ ಪಡೆದರು. ಎಂಟು ತಿಂಗಳ ನಂತರ ಬೇರೊಬ್ಬ ವಕೀಲರು ಕಡತವನ್ನು ಹತ್ತು ನಿಮಿಷ ತಿರುವಿ, ಮೂವರ ಒಪ್ಪಿಗೆ ಪತ್ರದೊಂದಿಗೆ ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ದರೆ ಸಾಕಿತ್ತು ಎಂದರು. ಆದ್ದರಿಂದ ಈ ಮಾರ್ಗದರ್ಶಿಯ ಮೊದಲ ಹೆಜ್ಜೆ ವಕೀಲರ ಹುಡುಕಾಟವಲ್ಲ.

ಹೆಜ್ಜೆ 1: ನಿಮಗೆ ಬೇಕಾದ ಕಾಗದ ಯಾವುದೆಂದು ಗುರುತಿಸಿಕೊಳ್ಳಿ

ಆಸ್ತಿ ಇತ್ಯರ್ಥ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವದಲ್ಲಿ ನಾಲ್ಕೈದು ಬೇರೆ ಬೇರೆ ಕೆಲಸ, ಅವು ನಡೆಯುವ ಕಚೇರಿಗಳೂ ಬೇರೆ ಬೇರೆ.

ಉಯಿಲು ಇದೆ, ಅದನ್ನು ಜಾರಿಗೊಳಿಸಲು ನಿರ್ವಾಹಕರೊಬ್ಬರನ್ನು ಅದರಲ್ಲಿಯೇ ಹೆಸರಿಸಲಾಗಿದೆ ಎಂದಾದರೆ, ಆ ಉಯಿಲು ನಿಜವಾದದ್ದೆಂದು ನ್ಯಾಯಾಲಯವು ಮುದ್ರೆಯೊತ್ತಿ ಕೊಡುವ ಪ್ರಮಾಣವೇ ಪ್ರೊಬೇಟ್. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ನಿರ್ವಾಹಕರಿಗೆ ಮಾತ್ರ ಸಿಗುತ್ತದೆ. ಉಯಿಲಿನಲ್ಲಿ ನಿರ್ವಾಹಕರ ಹೆಸರಿಲ್ಲದಿದ್ದರೆ, ಅಥವಾ ಹೆಸರಿಸಿದವರು ಬದುಕಿಲ್ಲದಿದ್ದರೆ, ಉಯಿಲನ್ನು ಲಗತ್ತಿಸಿದ ಆಡಳಿತಾಧಿಕಾರ ಪತ್ರಕ್ಕೆ (ಆಸ್ತಿಯನ್ನು ನಿರ್ವಹಿಸಲು ನ್ಯಾಯಾಲಯ ಬೇರೊಬ್ಬರಿಗೆ ಕೊಡುವ ಅಧಿಕಾರ) ಅರ್ಜಿ ಹಾಕಬೇಕಾಗುತ್ತದೆ. ಉಯಿಲೇ ಇಲ್ಲದೆ ಬ್ಯಾಂಕ್ ಠೇವಣಿ, ಷೇರು, ಬಾಂಡುಗಳಂಥ ಹಣಕಾಸಿನ ಸ್ವತ್ತು ಮಾತ್ರ ಉಳಿದಿದ್ದರೆ ಬೇಕಾಗಬಹುದಾದದ್ದು ಸಕ್ಸೆಷನ್ ಸರ್ಟಿಫಿಕೇಟ್. ನ್ಯಾಯಾಲಯ ಕೊಡುವ ಈ ಪ್ರಮಾಣಪತ್ರ ಮೃತರಿಗೆ ಬರಬೇಕಾದ ಹಣ ಮತ್ತು ಭದ್ರತಾಪತ್ರಗಳಿಗೆ ಸಂಬಂಧಿಸಿದ್ದೇ ಹೊರತು ಮನೆ, ಜಮೀನುಗಳಿಗಲ್ಲ. ಮನೆಯ ಖಾತೆಗೂ ಇದೇ ಬೇಕೆಂದು ಹೇಳುವವರು ಸಿಕ್ಕರೆ ಎಚ್ಚರದಿಂದಿರಿ.

ಕೃಷಿ ಜಮೀನಿನ ವಿಷಯದಲ್ಲಿ ವಾರಸುದಾರರೆಲ್ಲ ಒಪ್ಪಿದ್ದರೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಗಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಪಹಣಿಗಳೊಂದಿಗೆ ನಾಡಕಚೇರಿಯ ಮೂಲಕ ಪೌತಿ ಖಾತೆಗೆ (ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿ ಸಲ್ಲಿಸಿದರೆ ಕಂದಾಯ ಇಲಾಖೆಯೇ ಮ್ಯುಟೇಶನ್ ಮಾಡುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯು ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ಹೇಳುತ್ತದೆಯಾದರೂ, ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದಿರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಖಾತೆಯಾಗಲಿ ಪಹಣಿಯಾಗಲಿ ಮಾಲೀಕತ್ವದ ಅಂತಿಮ ಪುರಾವೆಯಲ್ಲ ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು. ಒಡಹುಟ್ಟಿದವರ ನಡುವೆ ಹಂಚಿಕೆಯಾಗಬೇಕಿದ್ದರೆ ವಿಭಾಗ ಪತ್ರವೋ ಹಕ್ಕು ಬಿಡುಗಡೆ ಪತ್ರವೋ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಬೇಕು. ಯಾರಾದರೊಬ್ಬರು ಒಪ್ಪದಿದ್ದರೆ ಉಳಿಯುವುದು ವಿಭಾಗದ ದಾವೆ.

ಪ್ರೊಬೇಟ್ ಕಡ್ಡಾಯವೇ ಎಂಬುದು ಎಲ್ಲರನ್ನೂ ಕಾಡುವ ಪ್ರಶ್ನೆ. ಹಳೆಯ ಮೈಸೂರು ಸೀಮೆಯಲ್ಲಿರುವ ಆಸ್ತಿಗೆ ಅಲ್ಲಿಯೇ ಬರೆದ ಹಿಂದೂ ವ್ಯಕ್ತಿಯ ಉಯಿಲಿಗೆ ಅದು ಎಂದೂ ಕಡ್ಡಾಯವಾಗಿರಲಿಲ್ಲ. ಆ ನಿಯಮವಿದ್ದದ್ದು ಮುಖ್ಯವಾಗಿ ಮುಂಬಯಿ, ಮದರಾಸು ನಗರಗಳಲ್ಲಿ ಮತ್ತು ಹಿಂದಿನ ಬಂಗಾಳ ಪ್ರಾಂತ್ಯದಲ್ಲಿ ಬರೆದ ಉಯಿಲುಗಳಿಗೆ, ಅಥವಾ ಅಲ್ಲಿರುವ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲುಗಳಿಗೆ. ಭಾರತೀಯ ಕ್ರೈಸ್ತರನ್ನು 2002ರ ತಿದ್ದುಪಡಿಯು ಅದರಿಂದ ಹೊರಗಿಟ್ಟಿತು, ಮುಸ್ಲಿಮರಿಗೆ ಅದು ಮೊದಲಿನಿಂದಲೂ ಅನ್ವಯಿಸುತ್ತಿರಲಿಲ್ಲ. 2025ರ ಕೊನೆಯಲ್ಲಿ ಸಂಸತ್ತು ಆ ನಿಯಮವಿದ್ದ 213ನೆಯ ಕಲಮನ್ನೇ ಉತ್ತರಾಧಿಕಾರ ಕಾಯ್ದೆಯಿಂದ ಕೈಬಿಟ್ಟಿತು. ಹಾಗೆಂದು ಪ್ರೊಬೇಟ್ ನಿರುಪಯುಕ್ತವೆಂದಲ್ಲ: ಉಯಿಲಿನ ಬಗ್ಗೆ ಯಾರಾದರೂ ಸಂಶಯ ಎತ್ತಿದ್ದರೆ, ದೊಡ್ಡ ಮೊತ್ತದ ಷೇರುಗಳಿದ್ದರೆ, ಅಥವಾ ಖಾತೆ ಬದಲಾಯಿಸುವ ಅಧಿಕಾರಿ ನೋಂದಣಿಯಾಗದ ಉಯಿಲನ್ನು ಒಪ್ಪದಿದ್ದರೆ ಅದನ್ನು ಪಡೆಯುವುದೇ ಲೇಸು. ಆದರೆ ‘ಬೇಕೇ ಬೇಕು’ ಮತ್ತು ‘ಇದ್ದರೆ ಒಳ್ಳೆಯದು’ ಎಂಬ ಎರಡು ಮಾತುಗಳ ನಡುವೆ ವರ್ಷಗಳ ಓಡಾಟವಿದೆ.

ನಾಮಿನಿಯ ವಿಷಯವನ್ನೂ ಈ ಹಂತದಲ್ಲಿಯೇ ಬಗೆಹರಿಸಿಕೊಳ್ಳಿ. ನಾಮಿನಿಯೆಂದರೆ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು, ಆ ಹಣದ ಒಡೆಯರಲ್ಲ. ಸುಪ್ರೀಂ ಕೋರ್ಟ್ ಇದನ್ನು ಜೀವವಿಮೆಯ ವಿಷಯದಲ್ಲಿ 1983ರಲ್ಲಿಯೇ ಹೇಳಿತ್ತು, ಷೇರುಗಳ ವಿಷಯದಲ್ಲಿಯೂ 2023ರ ಡಿಸೆಂಬರ್‌ನಲ್ಲಿ ಅದನ್ನೇ ಹೇಳಿತು. ಆದರೂ ನಾಮಿನಿ ಇದ್ದರೆ ಬ್ಯಾಂಕಿನಿಂದ ಹಣ ಹೊರಬರುವುದು ಸಲೀಸು. ನಾಮಿನಿ ಇಲ್ಲದ ಖಾತೆಗಳಲ್ಲಿಯೂ, ತಕರಾರಿಲ್ಲದಿದ್ದರೆ, ವಾಣಿಜ್ಯ ಬ್ಯಾಂಕುಗಳು 15 ಲಕ್ಷ ರೂಪಾಯಿವರೆಗಿನ ಮೊತ್ತವನ್ನು ಸರಳ ವಿಧಾನದಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ನಿರ್ದೇಶಿಸಿದೆ. ಇದನ್ನು ತಿಳಿಯದೆ ನಾಲ್ಕು ಲಕ್ಷದ ಠೇವಣಿಗಾಗಿ ನ್ಯಾಯಾಲಯಕ್ಕೆ ಹೋಗಬೇಡಿ.

ಹೆಜ್ಜೆ 2: ವಕೀಲರನ್ನು ಕಾಣುವ ಮೊದಲು ಕಡತ ಕಟ್ಟಿಕೊಳ್ಳಿ

ಮರಣ ಪ್ರಮಾಣಪತ್ರದ ಆರೆಂಟು ಪ್ರತಿಗಳು, ವಂಶವೃಕ್ಷ ಅಥವಾ ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರ, ಉಯಿಲಿದ್ದರೆ ಅದರ ನಕಲು, ಕ್ರಯಪತ್ರಗಳು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ತೆಗೆದ ಋಣಭಾರ ಪ್ರಮಾಣಪತ್ರ, ಇತ್ತೀಚಿನ ಪಹಣಿ ಮತ್ತು ಮ್ಯುಟೇಶನ್ ಪ್ರತಿ, ನಗರದ ಆಸ್ತಿಯಾದರೆ ಇ-ಖಾತಾ ಮತ್ತು ತೆರಿಗೆ ರಸೀದಿ, ಬ್ಯಾಂಕು, ವಿಮೆ, ಡಿಮ್ಯಾಟ್ ಖಾತೆಗಳ ವಿವರ, ಮೃತರು ಮಾಡಿದ್ದ ಸಾಲಗಳ ವಿವರ ಇಷ್ಟನ್ನೂ ಒಂದು ಫೈಲಿನಲ್ಲಿ ಜೋಡಿಸಿ. ಉಯಿಲಿನ ಅಸಲು ಪ್ರತಿಯನ್ನು ಮೊದಲ ಭೇಟಿಯಲ್ಲಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು.

ಕಡತ ಕಟ್ಟುವಾಗ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಪಹಣಿಯಲ್ಲಿ ‘ಚಿಕ್ಕಣ್ಣ ಬಿನ್ ನಂಜಪ್ಪ’ ಎಂದಿರುತ್ತದೆ, ಆಧಾರ್‌ನಲ್ಲಿ ‘ಎನ್. ಚಿಕ್ಕಣ್ಣ’ ಎಂದಿರುತ್ತದೆ, ಬ್ಯಾಂಕಿನಲ್ಲಿ ‘ಚಿಕ್ಕಣ್ಣಯ್ಯ’ ಎಂದಾಗಿರುತ್ತದೆ. ಮೂವರೂ ಒಬ್ಬರೇ ಎಂಬುದು ಊರಿಗೆಲ್ಲ ಗೊತ್ತು, ಕಚೇರಿಗೆ ಮಾತ್ರ ಗೊತ್ತಿಲ್ಲ. ಇಂಥ ವ್ಯತ್ಯಾಸಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಹೋಗಿ. ಒಳ್ಳೆಯ ವಕೀಲರು ಮೊದಲು ಕೇಳುವುದು ಇದನ್ನೇ.

ಉಯಿಲಿಗೆ ಸಾಕ್ಷಿ ಹಾಕಿದ ಇಬ್ಬರು ಈಗ ಎಲ್ಲಿದ್ದಾರೆ, ಬದುಕಿದ್ದಾರೆಯೇ, ಓಡಾಡುವ ಸ್ಥಿತಿಯಲ್ಲಿದ್ದಾರೆಯೇ ಎಂಬುದನ್ನೂ ವಿಚಾರಿಸಿ ಬರೆದಿಡಿ. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ಅದನ್ನು ರುಜುವಾತುಪಡಿಸುವಾಗ ಅವರಲ್ಲಿ ಸಿಗುವ ಒಬ್ಬರನ್ನಾದರೂ ನ್ಯಾಯಾಲಯದ ಮುಂದೆ ವಿಚಾರಿಸಬೇಕು. ನೋಂದಣಿಯಾದ ಉಯಿಲಿಗೆ ಇದು ಬೇಡವೆಂಬ ನಂಬಿಕೆ ಬಲವಾಗಿ ಹರಡಿದೆ, ಅದು ತಪ್ಪು. ಉಯಿಲಿನ ನೋಂದಣಿ ಕಡ್ಡಾಯವೂ ಅಲ್ಲ, ನೋಂದಣಿಯಾದ ಮಾತ್ರಕ್ಕೆ ರುಜುವಾತು ತಪ್ಪುವುದೂ ಇಲ್ಲ.

ಹೆಜ್ಜೆ 3: ಯಾವ ಊರಿನ ವಕೀಲರು ಎಂದು ತೀರ್ಮಾನಿಸಿ

ಮೃತರು ಕೊನೆಯಲ್ಲಿ ವಾಸವಾಗಿದ್ದ ಸ್ಥಳ ಅಥವಾ ಆಸ್ತಿ ಇರುವ ಸ್ಥಳವನ್ನು ನೋಡಿ ಅರ್ಜಿ ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದು ನಿರ್ಧಾರವಾಗುತ್ತದೆ. ಬೆಂಗಳೂರು ನಗರದಲ್ಲಿ ಅದು ಸಿಟಿ ಸಿವಿಲ್ ನ್ಯಾಯಾಲಯ, ಬೇರೆಡೆ ಜಿಲ್ಲಾ ನ್ಯಾಯಾಲಯ ಅಥವಾ ಈ ಅಧಿಕಾರ ಪಡೆದಿರುವ ಸಿವಿಲ್ ನ್ಯಾಯಾಲಯ. ಮಕ್ಕಳು ಬೆಂಗಳೂರಿನಲ್ಲಿದ್ದಾರೆಂದು ಅಲ್ಲಿನ ವಕೀಲರನ್ನು ಹಿಡಿದು ಅರ್ಜಿಯನ್ನು ಹಾಸನದಲ್ಲಿ ಹಾಕಿಸಿದರೆ, ಪ್ರತಿ ವಾಯಿದೆಗೂ ಪ್ರಯಾಣದ ಖರ್ಚು ಬೀಳುತ್ತದೆ, ಇಲ್ಲವೆ ನಿಮಗೆ ಪರಿಚಯವೇ ಇಲ್ಲದ ಕಿರಿಯರೊಬ್ಬರು ನಿಂತು ಮುಂದಿನ ತಾರೀಖು ಪಡೆದು ಬರುತ್ತಾರೆ. ದಿನವೂ ಅದೇ ನ್ಯಾಯಾಲಯದಲ್ಲಿ ನಿಲ್ಲುವವರನ್ನು ನೇಮಿಸಿಕೊಳ್ಳುವುದು ಸಾಮಾನ್ಯವಾಗಿ ಮೇಲು.

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವವರು ಇಲ್ಲಿನ ಸಂಬಂಧಿಕರೊಬ್ಬರಿಗೆ ಅಧಿಕಾರ ಪತ್ರ ಕೊಡುವುದುಂಟು. ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳುಹಿಸಬಹುದು. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮೃತರಿಗೆ ಹೊರದೇಶದಲ್ಲಿಯೂ ಆಸ್ತಿಯಿದ್ದರೆ ಅದಕ್ಕೆ ಆ ದೇಶದ ವಕೀಲರೇ ಬೇಕು.

ಹೆಜ್ಜೆ 4: ಹೆಸರುಗಳನ್ನು ಕಲೆಹಾಕಿ, ಪರೀಕ್ಷಿಸಿ

‘ಪ್ರೊಬೇಟ್ ವಕೀಲರು’ ಎಂಬ ಬೋರ್ಡು ನಮ್ಮಲ್ಲಿ ಎಲ್ಲಿಯೂ ಸಿಗುವುದಿಲ್ಲ. ಈ ಕೆಲಸ ಮಾಡುವವರು ಸಿವಿಲ್ ವಕೀಲರು, ಅವರಲ್ಲಿಯೂ ಕೆಲವರಿಗೆ ಮಾತ್ರ ಇದು ನಿತ್ಯದ ಕೆಲಸ. ಜಾಹೀರಾತು ನೋಡಿ ಆರಿಸುವ ದಾರಿಯೂ ಇಲ್ಲ, ಏಕೆಂದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. 2008ರಿಂದ ತಮ್ಮ ಜಾಲತಾಣದಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ವೃತ್ತಿಯ ಕ್ಷೇತ್ರ ಇಷ್ಟನ್ನು ಹಾಕಲು ಅನುಮತಿ ಇದೆ. ‘ನಂಬರ್ ಒನ್ ಆಸ್ತಿ ವಕೀಲರು, ಗೆಲುವು ಖಚಿತ’ ಎಂದು ಮೊಬೈಲಿಗೆ ಸಂದೇಶ ಬಂದರೆ, ಕಳುಹಿಸಿದವರು ತಮ್ಮ ವೃತ್ತಿಯ ನಿಯಮವನ್ನೇ ಪಾಲಿಸುತ್ತಿಲ್ಲವೆಂದು ತಿಳಿಯಿರಿ.

ಹಾಗಾದರೆ ಹೆಸರುಗಳು ಸಿಗುವುದೆಲ್ಲಿ? ಇತ್ತೀಚೆಗೆ ಇದೇ ಕೆಲಸ ಮುಗಿಸಿಕೊಂಡ ನೆರೆಹೊರೆಯವರು, ತಾಲ್ಲೂಕು ಅಥವಾ ಜಿಲ್ಲಾ ವಕೀಲರ ಸಂಘ, ನಿಮ್ಮ ತೆರಿಗೆ ನೋಡಿಕೊಳ್ಳುವ ಚಾರ್ಟರ್ಡ್ ಅಕೌಂಟೆಂಟರು ಇಂಥವರನ್ನು ಕೇಳಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಬ್ಯಾಂಕು. ದೊಡ್ಡ ಶಾಖೆಗಳಿಗೆ ಪ್ರೊಬೇಟ್ ಮತ್ತು ಸಕ್ಸೆಷನ್ ಆದೇಶಗಳು ಬರುತ್ತಲೇ ಇರುತ್ತವೆ. ಯಾರ ಕಾಗದಗಳು ಒಂದೇ ಸಲಕ್ಕೆ ಸರಿಯಾಗಿ ಬರುತ್ತವೆ ಎಂಬುದು ಅಲ್ಲಿನ ಸಿಬ್ಬಂದಿಗೆ ಗೊತ್ತಿರುತ್ತದೆ.

ನಾಲ್ಕೈದು ಹೆಸರು ಸಿಕ್ಕ ಮೇಲೆ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಅವರ ಸನ್ನದು ಸಂಖ್ಯೆ ಕೇಳುವುದು. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾದವರ ಸಂಖ್ಯೆ ‘ಕೆಎಆರ್’ ಎಂದು ಆರಂಭವಾಗಿ, ಕ್ರಮಸಂಖ್ಯೆ ಮತ್ತು ನೋಂದಣಿಯಾದ ವರ್ಷದೊಂದಿಗೆ ಮುಗಿಯುತ್ತದೆ. ಕೇಳಿದ್ದಕ್ಕೆ ಮುಖ ಸಿಂಡರಿಸುವವರನ್ನು ಪಟ್ಟಿಯಿಂದ ತೆಗೆದುಬಿಡಿ.

ಎರಡನೆಯ ಪರೀಕ್ಷೆಯನ್ನು ಬಹಳ ಮಂದಿ ಮಾಡುವುದಿಲ್ಲ, ಆದರೆ ಮನೆಯಲ್ಲಿ ಕುಳಿತೇ ಮಾಡಬಹುದು. ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್ ತೆರೆದು ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣಗಳನ್ನು ಆರಿಸಿ, ವಕೀಲರ ಹೆಸರಿನಿಂದ ಹುಡುಕುವ ಕಡೆ ಅವರ ಹೆಸರು ಹಾಕಿ. ನ್ಯಾಯಾಲಯದ ದಾಖಲೆಯಲ್ಲಿ ಹೆಸರನ್ನು ಒಂದೊಂದು ಕಡೆ ಒಂದೊಂದು ರೀತಿ ಟೈಪ್ ಮಾಡಿರುತ್ತಾರೆ, ಆದ್ದರಿಂದ ಇನಿಷಿಯಲ್ ಬಿಟ್ಟು ಹೆಸರಿನ ಒಂದು ಭಾಗವನ್ನಷ್ಟೇ ಹಾಕಿ ನೋಡಿ. ತೆರೆದುಕೊಳ್ಳುವ ಪಟ್ಟಿಯಲ್ಲಿ ‘ಪಿ ಆ್ಯಂಡ್ ಎಸ್‌ಸಿ’ ಎಂದು ಆರಂಭವಾಗುವ ಸಂಖ್ಯೆಗಳೇ ಪ್ರೊಬೇಟ್ ಮತ್ತು ಸಕ್ಸೆಷನ್ ಪ್ರಕರಣಗಳು. ಅಂಥವು ಎಷ್ಟಿವೆ, ಎಷ್ಟು ಇತ್ಯರ್ಥವಾಗಿವೆ ಎಂದು ಎಣಿಸಿ. ಬಳಿಕ ಒಂದೆರಡನ್ನು ತೆರೆದು ವಾಯಿದೆಗಳ ಪಟ್ಟಿ ಓದಿ. ತಕರಾರಿಲ್ಲದ ಅರ್ಜಿಯೊಂದು ನೋಟಿಸಿನ ಹಂತದಲ್ಲಿಯೇ ಹತ್ತು ಸಲ ಮುಂದೂಡಿದ್ದರೆ, ಅದು ಏಕೆಂದು ಆ ವಕೀಲರನ್ನೇ ಕೇಳಬಹುದು. ನಾನು ನೋಡಿದ ಒಬ್ಬರ ಪಟ್ಟಿಯಲ್ಲಿ ಚೆಕ್ ಬೌನ್ಸ್ ಪ್ರಕರಣಗಳೇ ತುಂಬಿದ್ದವು, ಪಿ ಆ್ಯಂಡ್ ಎಸ್‌ಸಿ ಒಂದೂ ಇರಲಿಲ್ಲ. ಅವರು ತಮ್ಮ ಕ್ಷೇತ್ರದಲ್ಲಿ ನುರಿತವರೇ ಇರಬಹುದು, ನಮ್ಮ ಕೆಲಸಕ್ಕೆ ಬೇಕಾದವರಾಗಿರಲಿಲ್ಲ.

ಹಣದ ಅನುಕೂಲವಿಲ್ಲದವರು ನ್ಯಾಯಾಲಯದ ಆವರಣದಲ್ಲಿಯೇ ಇರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಹೋಗಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಕ್ಕಳು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಪಾಲಿಗಾಗಿ ಹೋರಾಡಬೇಕಾಗಿ ಬಂದಾಗ ಇದು ಅವರ ಹಕ್ಕು. ಸಹಾಯವಾಣಿಯ ಸಂಖ್ಯೆ 15100.

ಹೆಜ್ಜೆ 5: ಮೊದಲ ಭೇಟಿ

ಕನಿಷ್ಠ ಇಬ್ಬರನ್ನಾದರೂ ಕಂಡು ಮಾತಾಡಿ. ಸಮಾಲೋಚನೆಗೆ ಫೀಸು ಕೇಳಿದರೆ ಕೊಡಿ. ಅರ್ಧ ಗಂಟೆಯ ಸರಿಯಾದ ಸಲಹೆಗೆ ಕೊಟ್ಟ ಹಣ ವ್ಯರ್ಥವಲ್ಲ.

ವಿಷಯವನ್ನು ಹೇಳಿ ಮುಗಿಸಿದ ಮೇಲೆ ನೇರವಾಗಿ ಕೇಳಿ: ‘ಇದಕ್ಕೆ ನ್ಯಾಯಾಲಯಕ್ಕೆ ಹೋಗಲೇಬೇಕೇ? ಹೋಗದೆ ಆಗುವ ದಾರಿ ಯಾವುದು?’ ಉತ್ತರ ಕೊಡುವ ಮೊದಲು ಅವರು ನಿಮ್ಮನ್ನೇ ಮರುಪ್ರಶ್ನೆ ಕೇಳುತ್ತಾರೆಯೇ ಎಂಬುದನ್ನು ಗಮನಿಸಿ. ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಹೆಣ್ಣುಮಕ್ಕಳೆಷ್ಟು, ಮೃತರ ತಾಯಿ ಬದುಕಿದ್ದಾರೆಯೇ, ಹಿಂದೆ ಪಾಲಾಗಿತ್ತೇ ಎಂದು ಕೇಳದೆಯೇ ಸಲಹೆ ಕೊಡುವವರ ಸಲಹೆ ನಂಬಲರ್ಹವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲಿಲ್ಲದೆ ತೀರಿಕೊಂಡ ಗಂಡಸಿನ ತಾಯಿಗೆ ಹೆಂಡತಿ ಮಕ್ಕಳೊಂದಿಗೆ ಸಮಪಾಲಿದೆ, ತಂದೆಗೆ ಆ ಮೊದಲ ವರ್ಗದಲ್ಲಿ ಸ್ಥಾನವಿಲ್ಲ. ಅಜ್ಜಿಯನ್ನು ಮರೆತು ತಯಾರಿಸಿದ ವಂಶವೃಕ್ಷ ಮುಂದೆ ದೊಡ್ಡ ತಕರಾರಿಗೆ ದಾರಿಯಾಗುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ, ಈ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ‘ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಅರ್ಜಿ ಹಾಕೋಣ’ ಎನ್ನುವವರಿಂದ ಎದ್ದು ಬನ್ನಿ. ಮುಸ್ಲಿಂ ಕುಟುಂಬವಾದರೆ, ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಸಿಯತ್ (ಉಯಿಲು) ಮಾಡುವಂತಿಲ್ಲ ಎಂಬ ನಿಯಮವನ್ನು ವಕೀಲರು ತಾವಾಗಿಯೇ ಪ್ರಸ್ತಾಪಿಸಬೇಕು.

ಇನ್ನು ಮುಂದಿನ ಹಂತಗಳನ್ನು ಕ್ರಮವಾಗಿ ಹೇಳುವಂತೆ ಕೇಳಿ. ತಿಳಿದವರು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ: ಅರ್ಜಿಗೆ ಸಾಧ್ಯವಾದರೆ ಉಯಿಲಿನ ಒಬ್ಬ ಸಾಕ್ಷಿಯ ದೃಢೀಕರಣವೂ ಬೇಕು, ಸಮೀಪದ ಸಂಬಂಧಿಕರಿಗೆ ನೋಟಿಸು ಹೋಗುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆಯಾಗುತ್ತದೆ, ಯಾರೂ ಆಕ್ಷೇಪಿಸದಿದ್ದರೆ ಅರ್ಜಿದಾರರ ಮತ್ತು ಸಾಕ್ಷಿಯ ಹೇಳಿಕೆ ದಾಖಲಾಗಿ ಆದೇಶ ಬರುತ್ತದೆ. ಆಕ್ಷೇಪ ಬಂದರೆ ಅದೇ ಅರ್ಜಿ ದಾವೆಯ ರೂಪ ತಾಳುತ್ತದೆ, ಆಗ ವರ್ಷಗಳ ಲೆಕ್ಕ. ಪ್ರೊಬೇಟ್ ನ್ಯಾಯಾಲಯ ನೋಡುವುದು ಉಯಿಲು ನಿಜವೇ ಎಂಬುದನ್ನು ಮಾತ್ರ, ಆಸ್ತಿಯ ಒಡೆತನವನ್ನಲ್ಲ. ಆದೇಶ ಬಂದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ನಿರ್ವಾಹಕರು ನ್ಯಾಯಾಲಯಕ್ಕೆ ಕೊಡಬೇಕು. ಈ ಕೊನೆಯ ಮಾತನ್ನು ನೀವು ಕೇಳದೆಯೇ ಹೇಳುವ ವಕೀಲರು ಸಿಕ್ಕರೆ ನಿಮ್ಮ ಹುಡುಕಾಟ ಬಹುಪಾಲು ಮುಗಿದಂತೆ.

ಹಿತಾಸಕ್ತಿಯ ಪ್ರಶ್ನೆ ಎರಡು ಕಡೆ ಏಳುತ್ತದೆ. ಉಯಿಲನ್ನು ಬರೆದುಕೊಟ್ಟ ವಕೀಲರೇ ಅದಕ್ಕೆ ಸಾಕ್ಷಿಯನ್ನೂ ಹಾಕಿರುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಮನೆಯವರು ನಂಬಿಕೆಯಿಂದ ಅವರ ಬಳಿಗೇ ಹೋಗುತ್ತಾರೆ. ಆದರೆ ತಾವು ಸಾಕ್ಷಿಯಾಗಬೇಕಾದ ಪ್ರಕರಣವನ್ನು ವಕೀಲರು ಒಪ್ಪಿಕೊಳ್ಳಬಾರದೆಂಬ ನಿಯಮವಿದೆ. ಅವರು ನಿಮಗೆ ಬೇಕಾಗಿರುವುದು ಸಾಕ್ಷಿಯಾಗಿ. ಇನ್ನೊಂದು, ಒಡಹುಟ್ಟಿದವರೆಲ್ಲರಿಗೂ ಒಬ್ಬರೇ ವಕೀಲರು ಇರುವ ಸಂದರ್ಭ. ಎಲ್ಲರೂ ಒಮ್ಮತದಿಂದಿರುವವರೆಗೆ ಅದರಲ್ಲಿ ತೊಂದರೆಯಿಲ್ಲ, ಒಬ್ಬರ ಮನಸ್ಸು ಮುರಿದ ದಿನ ಅವರು ಬೇರೆ ವಕೀಲರನ್ನು ನೋಡಿಕೊಳ್ಳಬೇಕು.

ಹೆಜ್ಜೆ 6: ಫೀಸು ಮತ್ತು ಖರ್ಚು

ವಕೀಲರ ಫೀಸು ಬೇರೆ, ನ್ಯಾಯಾಲಯದ ಶುಲ್ಕ ಬೇರೆ, ಪತ್ರಿಕಾ ಪ್ರಕಟಣೆ ಮತ್ತು ನಕಲು ಪ್ರತಿಗಳ ಖರ್ಚು ಬೇರೆ. ನ್ಯಾಯಾಲಯದ ಶುಲ್ಕವು ಆಸ್ತಿಯ ಮೌಲ್ಯವನ್ನು ಅವಲಂಬಿಸಿರುವುದರಿಂದ, ನಿಮ್ಮ ಆಸ್ತಿಗೆ ಅದು ಎಷ್ಟಾಗಬಹುದೆಂದು ಅಂದಾಜು ಬರೆಸಿಕೊಳ್ಳಿ. ಫೀಸನ್ನು ಹಂತಗಳಿಗೆ ಹೊಂದಿಸಿ ಮಾತಾಡುವುದು ಉತ್ತಮ: ಅರ್ಜಿ ದಾಖಲಾಗಿ ಸಂಖ್ಯೆ ಬಿದ್ದಾಗ ಇಷ್ಟು, ಸಾಕ್ಷಿ ವಿಚಾರಣೆಯ ವೇಳೆಗೆ ಇಷ್ಟು, ಆದೇಶದ ದೃಢೀಕೃತ ಪ್ರತಿ ಕೈಗೆ ಬಂದಾಗ ಉಳಿದದ್ದು. ಆಕ್ಷೇಪ ಬಂದು ದಾವೆಯಾದರೆ ಎಷ್ಟಾಗುತ್ತದೆ ಎಂಬುದನ್ನೂ ಮೊದಲೇ ಕೇಳಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.

‘ಸೈಟು ನಿಮ್ಮ ಹೆಸರಿಗಾದ ಮೇಲೆ ನೂರಕ್ಕೆ ಹತ್ತು ಕೊಡಿ, ಈಗೇನೂ ಬೇಡ’ ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಫಲಿತಾಂಶವನ್ನು ಅವಲಂಬಿಸಿದ ಫೀಸಾಗಲಿ ಆಸ್ತಿಯಲ್ಲಿ ಪಾಲಾಗಲಿ ಭಾರತದಲ್ಲಿ ವಕೀಲರಿಗೆ ನಿಷಿದ್ಧ.

ಹೆಜ್ಜೆ 7: ವಕಾಲತ್ತಿಗೆ ಸಹಿ ಮಾಡುವಾಗ ಮತ್ತು ಅನಂತರ

ವಕಾಲತ್ತುನಾಮೆಯನ್ನು ಓದದೆ ಸಹಿ ಮಾಡಬೇಡಿ. ಅಚ್ಚಾದ ನಮೂನೆಗಳಲ್ಲಿ ರಾಜಿ ಮಾಡಿಕೊಳ್ಳುವ, ಪ್ರಕರಣ ಹಿಂಪಡೆಯುವ, ಹಣ ಸ್ವೀಕರಿಸುವ ಅಧಿಕಾರವನ್ನೂ ಸೇರಿಸಿರುತ್ತಾರೆ. ನಿಮಗೆ ಒಪ್ಪಿಗೆಯಿಲ್ಲದ ಸಾಲನ್ನು ಹೊಡೆದು ಹಾಕಬಹುದು. ಖಾಲಿ ಹಾಳೆಗೂ ಖಾಲಿ ಛಾಪಾ ಕಾಗದಕ್ಕೂ ಸಹಿ ಹಾಕುವುದು ಬೇಡ, ಕೇಳುವವರು ಎಷ್ಟೇ ಹತ್ತಿರದವರಾಗಿರಲಿ. ಅಸಲು ದಾಖಲೆಗಳನ್ನು ಕೊಡುವಾಗ ಪಟ್ಟಿ ಮಾಡಿ, ಸ್ವೀಕೃತಿ ಬರೆಸಿಕೊಳ್ಳಿ.

ಅರ್ಜಿ ದಾಖಲಾದ ಮೇಲೆ ಸಿಗುವ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಪಡೆದು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ವಾಯಿದೆ ಯಾವಾಗ, ಹಿಂದಿನ ಸಲ ಏನಾಯಿತು ಎಂಬುದು ಈ ಸಂಖ್ಯೆ ಹಾಕಿದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿಯೇ ಕಾಣುವುದರಿಂದ, ವಕೀಲರಿಗೆ ಪದೇ ಪದೇ ಫೋನು ಮಾಡುವ ಅಗತ್ಯ ಇಬ್ಬರಿಗೂ ತಪ್ಪುತ್ತದೆ.

ಹೆಜ್ಜೆ 8: ಸರಿಹೊಂದದಿದ್ದರೆ

ವಕೀಲರನ್ನು ಬದಲಾಯಿಸುವುದು ನಿಮ್ಮ ಹಕ್ಕು. ಹಳಬರಿಂದ ನಿರಾಕ್ಷೇಪಣೆ ಪಡೆದು ಹೊಸ ವಕಾಲತ್ತು ಹಾಕಿಸುವುದು ರೂಢಿ, ಅವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿ ಇದೆಯೆಂದು ಕಕ್ಷಿದಾರರ ಕಡತವನ್ನು ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿಯೇ ಹೇಳಿದೆ. ದುರ್ನಡತೆಯ ದೂರಿದ್ದರೆ 1961ರ ವಕೀಲರ ಕಾಯ್ದೆಯಡಿ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತವಾಗಿ ಕೊಡಬೇಕು. ಗ್ರಾಹಕರ ಆಯೋಗದ ಬಾಗಿಲು ಈ ವಿಷಯಕ್ಕೆ ಸುಪ್ರೀಂ ಕೋರ್ಟಿನ 2024ರ ಮೇ ತಿಂಗಳ ತೀರ್ಪಿನಿಂದ ಮುಚ್ಚಿದೆ.

ನಮ್ಮ ಮನೆಯ ಖಾತೆ ಕೊನೆಗೆ ಬದಲಾದದ್ದು ಎರಡನೆಯ ವಕೀಲರು ಬರೆದುಕೊಟ್ಟ ಒಂದೂವರೆ ಪುಟದ ಅರ್ಜಿ ಮತ್ತು ಮೂವರ ಪ್ರಮಾಣಪತ್ರಗಳಿಂದ. ಅದಕ್ಕೆ ಅವರು ಪಡೆದ ಫೀಸು, ಮೊದಲಿನವರಿಗೆ ನಾವು ಕೊಟ್ಟಿದ್ದ ಮುಂಗಡದ ಕಾಲು ಭಾಗವೂ ಆಗಿರಲಿಲ್ಲ.